ಯಾವ ಕಾಲದ ಬಾಕ್ಸರ್ ದೊಡ್ಡವನು? ಪದೇ ಪದೇ ಕೇಳುವ ಪ್ರಶ್ನೆಗಳು

ಜುಲೈ ಬಂದರೆ ನಮ್ಮ ಪೊನ್ನಂಪೇಟೆ ಕಡೆ ಸಂಜೆ ನಾಲ್ಕಕ್ಕೇ ಕತ್ತಲೆ. ಮಳೆ ಬಿಡುವುದಿಲ್ಲ, ತೋಟದಲ್ಲಿ ಕೆಲಸ ಆಗುವುದಿಲ್ಲ, ಕರೆಂಟ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನಮ್ಮ ಜಗಲಿಯಲ್ಲಿ ಐದಾರು ಜನ ಸೇರುತ್ತೇವೆ. ಕಾಫಿ ರೇಟು, ಆನೆ ಕಾಟ, ಹಾಕಿ, ಇಷ್ಟು ಮುಗಿದ ಮೇಲೆ ಮಾತು ಬಾಕ್ಸಿಂಗಿಗೆ ತಿರುಗುತ್ತದೆ. ಅದಕ್ಕೆ ಕಾರಣ ನಮ್ಮ ಮಾವ. ಸೈನ್ಯದಲ್ಲಿದ್ದಾಗ ರೆಜಿಮೆಂಟ್ ತಂಡದಲ್ಲಿ ಬಾಕ್ಸಿಂಗ್ ಮಾಡಿದವರು. ಮೂಗು ಇನ್ನೂ ಸ್ವಲ್ಪ ಎಡಕ್ಕೆ ವಾಲಿದೆ. ನಾನು ಗ್ಲೌಸ್ ಹಾಕಿದವನಲ್ಲ, ಮೂವತ್ತು ವರ್ಷ ನೋಡಿದವನು, ಸಿಕ್ಕಿದ್ದನ್ನು ಓದಿದವನು ಅಷ್ಟೆ. ಪ್ರತಿ ಮಳೆಗಾಲ ಅದೇ ಪ್ರಶ್ನೆ, ಅದೇ ಜಗಳ. ಈ ಸಲ ಬಾಯಿ ನೋಯಿಸಿಕೊಳ್ಳುವ ಬದಲು ಬರೆದಿಟ್ಟುಬಿಡೋಣ ಅನಿಸಿತು.

ಸುತ್ತಿ ಬಳಸಿ ಬೇಡ. ಎಲ್ಲರಿಗಿಂತ ದೊಡ್ಡವನು ಯಾರು?

ಷುಗರ್ ರೇ ರಾಬಿನ್ಸನ್. ಹೆವಿವೇಟ್‌ನಲ್ಲಿ, ಅಂದರೆ ಎಲ್ಲಕ್ಕಿಂತ ಭಾರದವರ ತೂಕದಲ್ಲಿ, ಮಾತ್ರ ಕೇಳಿದರೆ ಮುಹಮ್ಮದ್ ಅಲಿ, ಒಂದು ಬೆರಳಿನಷ್ಟು ಹಿಂದೆ ಜೋ ಲೂಯಿಸ್. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಅಲಿ ಮತ್ತು ಮೈಕ್ ಟೈಸನ್ ಒಂದೇ ರಿಂಗಿಗೆ ಇಳಿದಿದ್ದರೆ ಯಾರು ಗೆಲ್ಲುತ್ತಿದ್ದರು?

ನೂರಕ್ಕೆ ತೊಂಬತ್ತು ಸಲ ಕೇಳುವ ಪ್ರಶ್ನೆ ಇದೇ. ಮೊದಲು ನನಗೆ ಉತ್ತರ ಬೇಕು: ಯಾವ ಅಲಿ? 1966ರಲ್ಲಿ ಕಾಲು ನೆಲಕ್ಕೇ ತಾಗದ ಹಾಗೆ ಓಡಾಡಿದ ಅಲಿಯೋ, 1975ರಲ್ಲಿ ಮನಿಲಾದಲ್ಲಿ ನಿಂತಲ್ಲೇ ನಿಂತು ಗುದ್ದು ತಿಂದ ಅಲಿಯೋ? ಇಬ್ಬರೂ ಬೇರೆ ಬೇರೆ ಮನುಷ್ಯರು ಅಂದರೂ ತಪ್ಪಿಲ್ಲ. ಟೈಸನ್ ಕೂಡ ಹಾಗೆಯೇ. 1986ರಲ್ಲಿ ಇಪ್ಪತ್ತನೇ ವಯಸ್ಸಿಗೆ ಚಾಂಪಿಯನ್ ಆದ ಹುಡುಗ ಬೇರೆ, 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ನೆಲದ ಮೇಲೆ ಬಾಯಿಗಾಪು ಹುಡುಕುತ್ತಿದ್ದವನು ಬೇರೆ.

ನನ್ನ ಅಂದಾಜು ಕೇಳಿದರೆ, ಅಲಿ. ಟೋಕಿಯೋದಲ್ಲಿ ಟೈಸನ್‌ನನ್ನು ಕೆಡವಿದ ಬಸ್ಟರ್ ಡಗ್ಲಸ್ ಹತ್ತಿರ ಇದ್ದದ್ದು ಉದ್ದ ಕೈ, ಒಳ್ಳೆ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು), ಆ ದಿನದ ಮಟ್ಟಿಗೆ ಭಯ ಇಲ್ಲದ ಮನಸ್ಸು. ಇವು ಮೂರೂ ಅಲಿಗೆ ಎಲ್ಲ ದಿನವೂ ಇದ್ದವು. ಆದರೆ ಇದು ಅಂದಾಜು. ಯಾರು ಗೆಲ್ಲುತ್ತಿದ್ದರು ಅನ್ನುವುದು ಒಂದು ಪ್ರಶ್ನೆ, ಯಾರು ದೊಡ್ಡವರು ಅನ್ನುವುದು ಇನ್ನೊಂದು. ಇವೆರಡನ್ನು ಒಂದೇ ಪಾತ್ರೆಗೆ ಹಾಕಿ ಕಲಸುವುದರಿಂದಲೇ ನಮ್ಮ ಜಗಲಿಯಲ್ಲಿ ಅರ್ಧ ಜಗಳ ಹುಟ್ಟುವುದು.

ಎಲ್ಲಾ ಅಂಕಿ ಅಂಶ ಕಂಪ್ಯೂಟರಿಗೆ ಹಾಕಿದರೆ ಗೊತ್ತಾಗಲ್ವಾ?

ಹಾಕಿ ನೋಡಿದ್ದಾರೆ, ಅದೂ ಐವತ್ತು ವರ್ಷಕ್ಕಿಂತ ಹಿಂದೆಯೇ. 1967ರಲ್ಲಿ ಅಮೆರಿಕದ ಒಬ್ಬ ರೇಡಿಯೋ ನಿರ್ಮಾಪಕ ಹಳೆಯ ಹೊಸ ಹೆವಿವೇಟ್ ಚಾಂಪಿಯನ್ನರ ವಿವರಗಳನ್ನೆಲ್ಲ ಒಂದು ದೊಡ್ಡ ಕಂಪ್ಯೂಟರಿಗೆ ಉಣಿಸಿದ. ಅದು ಕೊಟ್ಟ ಫಲಿತಾಂಶವನ್ನು ನಿಜವಾದ ಪಂದ್ಯದ ಹಾಗೆ ರೇಡಿಯೋದಲ್ಲಿ ಓದಿಸಿದ. ಕೊನೆಗೆ ಗೆದ್ದದ್ದು ರಾಕಿ ಮಾರ್ಸಿಯಾನೋ. ಅಲಿ ನಡುವಿನಲ್ಲೇ ಹಳೆ ಕಾಲದ ಜಿಮ್ ಜೆಫ್ರೀಸ್ ಕೈಲಿ ಸೋತು ಹೊರಬಿದ್ದ. ಅಲಿಗೆ ಸಿಟ್ಟು ಬಂತು. ಮಾನ ಹೋಯಿತು ಅಂತ 10 ಲಕ್ಷ ಡಾಲರಿನ ದಾವೆ ಹೂಡಿದ.

ಕೇಸು ಕೊನೆಗೆ ರಾಜಿಯಾಯಿತು. ಆ ರಾಜಿಯಿಂದಲೇ ಇನ್ನೊಂದು ವಿಚಿತ್ರ ಹುಟ್ಟಿತು. 1969ರಲ್ಲಿ ಅಲಿಯನ್ನೂ ಮಾರ್ಸಿಯಾನೋವನ್ನೂ ಮಯಾಮಿಯ ಒಂದು ಸ್ಟುಡಿಯೋದಲ್ಲಿ ರಿಂಗಿಗಿಳಿಸಿ, ಹತ್ತಾರು ರೌಂಡು ಹುಸಿ ಹೊಡೆದಾಟ ಮಾಡಿಸಿ, ಬೇರೆ ಬೇರೆ ಕೊನೆಗಳನ್ನು ಚಿತ್ರೀಕರಿಸಿದರು. ಅಲಿ ಆಗ ಸೈನ್ಯಕ್ಕೆ ಬರಲ್ಲ ಅಂದದ್ದಕ್ಕೆ ಲೈಸೆನ್ಸ್ ಕಳೆದುಕೊಂಡು ಮನೆಯಲ್ಲಿದ್ದ. ಮಾರ್ಸಿಯಾನೋ ನಿವೃತ್ತನಾಗಿ 13 ವರ್ಷ ಕಳೆದಿತ್ತು. ಮೈ ಇಳಿಸಿಕೊಂಡು, ತಲೆಗೆ ವಿಗ್ ಹಾಕಿಕೊಂಡು ಬಂದ. ಕಂಪ್ಯೂಟರ್ ಯಾರ ಪರ ಹೇಳಿತು ಅನ್ನುವುದು 1970ರ ಜನವರಿಯಲ್ಲಿ ಚಿತ್ರಮಂದಿರದಲ್ಲೇ ಗೊತ್ತಾಗಬೇಕಿತ್ತು. ಅಮೆರಿಕದವರಿಗೆ ಮಾರ್ಸಿಯಾನೋ 13ನೇ ರೌಂಡಿನಲ್ಲಿ ಅಲಿಯನ್ನು ಕೆಡವಿದ್ದು ತೋರಿಸಿದರು. ಯುರೋಪಿನಲ್ಲಿ ಅಲಿ ಗೆದ್ದ ಪ್ರತಿಯೂ ಓಡಿತು! ಕಂಪ್ಯೂಟರಿಗೂ ಊರಿಗೊಂದು ನಾಲಿಗೆ ಇತ್ತು ನೋಡಿ. ಪಾಪ, ಮಾರ್ಸಿಯಾನೋಗೆ ಇದು ಯಾವುದೂ ಗೊತ್ತಾಗಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 1969ರ ಆಗಸ್ಟ್ 31ರಂದು, ವಿಮಾನ ಬಿದ್ದು ಸತ್ತ.

ಈಗಿನ ಕಂಪ್ಯೂಟರ್ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಒಪ್ಪಿದೆ. ಆದರೆ ಒಳಗೆ ಏನು ಹಾಕಬೇಕು ಅಂತ ತೀರ್ಮಾನಿಸುವವನು ಮನುಷ್ಯನೇ ಅಲ್ವಾ? ಮಾರ್ಸಿಯಾನೋ ಗುದ್ದಿಗೆ ಹತ್ತಕ್ಕೆ ಒಂಬತ್ತು, ಅಲಿ ಗಲ್ಲಕ್ಕೆ ಎಂಟು ಅಂತ ಹಾಕುವವನು ಜಗಲಿಯಲ್ಲಿ ಕೂತ ನಾವೇ.

ಒಂದೂ ಸೋಲದವನೇ ದೊಡ್ಡವನಲ್ವಾ? ಮಾರ್ಸಿಯಾನೋ 49ಕ್ಕೆ 49, ಮೇವೆದರ್ 50ಕ್ಕೆ 50. ಇನ್ನೇನು ಬೇಕು?

ಕೊಡಗಿನವರಾಗಿ ಈ ಪ್ರಶ್ನೆ ಕೇಳಬಾರದು. ರೋಬಸ್ಟಾ ಚೆರಿ ಮಾರಲು ಹೋದಾಗ ವ್ಯಾಪಾರಿ ಏನು ಮಾಡುತ್ತಾನೆ? 50 ಕಿಲೋ ಚೀಲ ತೂಗಿ ಸುಮ್ನೆ ದುಡ್ಡು ಎಣಿಸುತ್ತಾನಾ? ಇಲ್ಲ. ಸ್ವಲ್ಪ ಚೆರಿ ತೆಗೆದು, ಸಿಪ್ಪೆ ಬಿಡಿಸಿ, ಒಳಗೆ ಬೀಜ ಎಷ್ಟು ಬಂತು ಅಂತ ನೋಡುತ್ತಾನೆ. ಔಟ್ ಟರ್ನ್ 28 ಬಂದರೆ ಒಂದು ದುಡ್ಡು, 24 ಬಂದರೆ ಇನ್ನೊಂದು. ಚೀಲ ಎರಡೂ ಐವತ್ತೇ ಕಿಲೋ.

ಸೋಲಿಲ್ಲದ ದಾಖಲೆ ಅಂದರೆ ಚೀಲದ ತೂಕ. ಎದುರಿಗೆ ಯಾರಿದ್ದರು, ಅವರಿಗೆ ಆಗ ಎಷ್ಟು ವಯಸ್ಸು, ಅನ್ನುವುದು ಔಟ್ ಟರ್ನ್.

ಮಾರ್ಸಿಯಾನೋ ಚೀಲ ಬಿಚ್ಚೋಣ. 1951ರಲ್ಲಿ ಜೋ ಲೂಯಿಸ್‌ನನ್ನು ಕೆಡವಿದ. ಲೂಯಿಸ್‌ಗೆ ಆಗ 37, ತೆರಿಗೆ ಸಾಲ ತೀರಿಸಲು ನಿವೃತ್ತಿಯಿಂದ ವಾಪಸ್ ಬಂದವನು. 1952ರಲ್ಲಿ ಪಟ್ಟ ಕಿತ್ತುಕೊಂಡದ್ದು ಜೆರ್ಸಿ ಜೋ ವಾಲ್ಕಾಟ್‌ನಿಂದ. ಅವನಿಗೆ 38. ಕೊನೆಯ ಪಂದ್ಯ ಆರ್ಚಿ ಮೂರ್ ಜೊತೆ, ಅವನೂ ನಲವತ್ತರ ಹತ್ತಿರ. ಎಜರ್ಡ್ ಚಾರ್ಲ್ಸ್ ಜೊತೆಗಿನ 1954ರ ಎರಡು ಪಂದ್ಯ ಮಾತ್ರ ಗಟ್ಟಿ ಬೀಜ. ಇದರಿಂದ ಮಾರ್ಸಿಯಾನೋ ಸಣ್ಣವನಾಗುವುದಿಲ್ಲ. ಎದುರಿಗೆ ನಿಂತವರನ್ನೆಲ್ಲ ಹೊಡೆದ, ಗೆಲ್ಲುತ್ತಿರುವಾಗಲೇ ಬಿಟ್ಟುಹೋದ. ಎಷ್ಟು ಜನ ಹಾಗೆ ಬಿಟ್ಟಿದ್ದಾರೆ? ಆದರೆ 49ನ್ನು ಅಲಿಯ 56 ಗೆಲುವು 5 ಸೋಲಿನ ಪಕ್ಕ ಇಟ್ಟು ಇದೇ ದೊಡ್ಡದು ಅನ್ನಲಾಗದು.

ಮೇವೆದರ್ ಚೀಲ ಇದಕ್ಕಿಂತ ಚೆನ್ನಾಗಿದೆ. ಡೆ ಲಾ ಹೋಯಾ, ಮೋಸ್ಲಿ, ಕಾಟೋ, ಕನೆಲೋ, ಪ್ಯಾಕಿಯಾವ್, ಎಲ್ಲ ದೊಡ್ಡ ಹೆಸರು. ಆದರೆ ಕನೆಲೋ ಇನ್ನೂ 23ರ ಹುಡುಗ, ಪ್ಯಾಕಿಯಾವ್ ಜೊತೆ ಆಡಿದ್ದು 2015ರಲ್ಲಿ. ಎಲ್ಲರೂ ಕೇಳುತ್ತಿದ್ದ ಕಾಲಕ್ಕಿಂತ ಐದು ವರ್ಷ ತಡ. 50ನೆಯದು ಅದುವರೆಗೆ ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡದ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್‌ನವನ ಮೇಲೆ. ಅದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಲಿ ಚೀಲ? ಎದುರಿಗೆ ನಿಂತವರು ಲಿಸ್ಟನ್ ಎರಡು ಸಲ, ಫ್ರೇಜಿಯರ್ ಮೂರು ಸಲ, ನಾರ್ಟನ್ ಮೂರು ಸಲ. 1974ರಲ್ಲಿ ಕಿನ್ಶಾಸಾದಲ್ಲಿ ಎದುರಿಗೆ ನಿಂತ ಜಾರ್ಜ್ ಫೋರ್ಮನ್ ಒಂದೂ ಸೋತಿರಲಿಲ್ಲ. ಫ್ರೇಜಿಯರ್‌ನನ್ನು ಎರಡೇ ರೌಂಡಿನಲ್ಲಿ ಆರು ಸಲ ನೆಲಕ್ಕೆ ಕೆಡವಿದ್ದವನು. ಅಲಿಗೆ ಆಗ 32. ಎಂಟನೇ ರೌಂಡಿಗೆ ಫೋರ್ಮನ್ ಮಲಗಿದ. ಆ ಒಂದು ಗೆಲುವಿನ ಔಟ್ ಟರ್ನ್ ಎಷ್ಟು ಅಂತ ಹೇಳಲು ನಮ್ಮಲ್ಲಿ ಅಳತೆಯೇ ಇಲ್ಲ.

ಹಾಗಾದರೆ 19 ಸಲ ಸೋತ ರಾಬಿನ್ಸನ್ ಹೇಗೆ ಮೊದಲು?

ಸುಮಾರು 200 ಪಂದ್ಯದಲ್ಲಿ 19. ಅದೂ ಯಾವಾಗ ಸೋತ ಅಂತ ನೋಡಿ. ಮೊದಲ 130ರಷ್ಟು ಪಂದ್ಯಗಳಲ್ಲಿ ಸೋತದ್ದು ಒಂದೇ ಒಂದು, 1943ರ ಫೆಬ್ರವರಿಯಲ್ಲಿ ಜೇಕ್ ಲಮೋಟಾ ಕೈಲಿ. ಲಮೋಟಾ ಅವನಿಗಿಂತ ಭಾರದ ಆಳು. ಸೋತವನು ಏನು ಮಾಡಿದ? ಎರಡು ವಾರಕ್ಕೆ ಇನ್ನೊಬ್ಬನನ್ನು ಗೆದ್ದ, ಮೂರನೇ ವಾರಕ್ಕೆ ಲಮೋಟಾನನ್ನೇ ಮತ್ತೆ ಕರೆದು ಹೊಡೆದ. ಈಗಿನ ಚಾಂಪಿಯನ್ನರು ಮರುಪಂದ್ಯದ ಕಾಗದಕ್ಕೆ ಸಹಿ ಹಾಕಲು ಒಂದು ವರ್ಷ ತೆಗೆದುಕೊಳ್ಳುತ್ತಾರೆ. ಅಲ್ಲಿಂದ 1951ರ ಜುಲೈವರೆಗೆ ಅವನನ್ನು ಯಾರೂ ಸೋಲಿಸಲಿಲ್ಲ. ಲಂಡನ್ನಿನಲ್ಲಿ ರ‍್ಯಾಂಡಿ ಟರ್ಪಿನ್ ಸೋಲಿಸಿದ, ಎರಡು ತಿಂಗಳಿಗೆ ನ್ಯೂಯಾರ್ಕಿನಲ್ಲಿ ಆ ಬಾಕಿಯನ್ನೂ ತೀರಿಸಿದ.

ವೆಲ್ಟರ್‌ವೇಟ್ ಚಾಂಪಿಯನ್, ಆಮೇಲೆ ಅದಕ್ಕಿಂತ ಮೇಲಿನ ತೂಕದಲ್ಲಿ ಐದು ಸಲ ಮಿಡ್ಲ್‌ವೇಟ್ ಚಾಂಪಿಯನ್. ಉಳಿದ ಸೋಲುಗಳಲ್ಲಿ ಹೆಚ್ಚಿನವು ವಯಸ್ಸಾದ ಮೇಲಿನವು, ದುಡ್ಡಿಗಾಗಿ 44ರವರೆಗೂ ಗುದ್ದಾಡುತ್ತಿದ್ದಾಗಿನವು. ಒಂದು ಸೋಲಂತೂ ನನಗೆ ಗೆಲುವಿಗಿಂತ ಇಷ್ಟ. 1952ರ ಜೂನ್, ಯಾಂಕೀ ಸ್ಟೇಡಿಯಂ, ತನಗಿಂತ ಭಾರದ ಜೋಯಿ ಮ್ಯಾಕ್ಸಿಮ್ ಎದುರು. ರಿಂಗಿನ ಮೇಲೆ 40 ಡಿಗ್ರಿ ಸೆಕೆ. ಮೊದಲು ರೆಫರಿಯೇ ಬಳಲಿ ಹೊರಗೆ ಹೋದ, ಬೇರೆ ರೆಫರಿ ಬಂದ! ಪಾಯಿಂಟ್ಸ್‌ನಲ್ಲಿ ಮುಂದಿದ್ದ ರಾಬಿನ್ಸನ್ 13ನೇ ರೌಂಡು ಮುಗಿಸಿ ಸ್ಟೂಲಿನಿಂದ ಏಳಲಿಲ್ಲ. ಮ್ಯಾಕ್ಸಿಮ್ ಗುದ್ದಿಗಲ್ಲ, ಸೆಕೆಗೆ ಸೋತ.

15 ರೌಂಡಿಗೂ 12 ರೌಂಡಿಗೂ ಅಷ್ಟು ವ್ಯತ್ಯಾಸ ಇದೆಯಾ?

ಹಿಂದೆ ಪಟ್ಟದ ಪಂದ್ಯ 15 ರೌಂಡು, ಈಗ 12. ವ್ಯತ್ಯಾಸ ಮೂರು ರೌಂಡು, ಒಂಬತ್ತು ನಿಮಿಷ. ಅಷ್ಟರಲ್ಲಿ ಇತಿಹಾಸವೇ ತಿರುಗಿದೆ.

1941ರಲ್ಲಿ ಬಿಲ್ಲಿ ಕಾನ್ ಅನ್ನುವ ಸಣ್ಣ ಮೈಯವನು ಜೋ ಲೂಯಿಸ್‌ಗಿಂತ 12 ರೌಂಡಿನವರೆಗೆ ಮುಂದಿದ್ದ. 13ರಲ್ಲಿ ಹುಮ್ಮಸ್ಸಿಗೆ ಬಿದ್ದು ಎದುರು ನಿಂತ, ಬಿದ್ದ. 1952ರಲ್ಲಿ ವಾಲ್ಕಾಟ್ ಕೂಡ 12 ರೌಂಡು ಮುಗಿದಾಗ ಮಾರ್ಸಿಯಾನೋಗಿಂತ ಮುಂದೆ. 13ರಲ್ಲಿ ಒಂದೇ ಗುದ್ದು, ಮುಗಿಯಿತು. 1981ರಲ್ಲಿ ಥಾಮಸ್ ಹರ್ನ್ಸ್ ಮುಂದಿದ್ದ, 14ರಲ್ಲಿ ಷುಗರ್ ರೇ ಲಿಯೊನಾರ್ಡ್ ಅವನನ್ನು ಮುಗಿಸಿದ. ಈ ಮೂರೂ 12 ರೌಂಡಿನ ಪಂದ್ಯ ಆಗಿದ್ದರೆ? ಲೂಯಿಸ್ ಅಂದೇ ಪಟ್ಟ ಕಳೆದುಕೊಳ್ಳುತ್ತಿದ್ದ. ಲಿಯೊನಾರ್ಡ್ ಸೋಲುತ್ತಿದ್ದ. ನಾವೀಗ ಎದೆ ತಟ್ಟಿ ಹೇಳುವ 49ಕ್ಕೆ 49 ಅನ್ನುವುದೇ ಇರುತ್ತಿರಲಿಲ್ಲ.

12ಕ್ಕೆ ಇಳಿಸಿದ್ದು ಸುಮ್ನೆ ಅಲ್ಲ. 1982ರ ನವೆಂಬರಿನಲ್ಲಿ ಕೊರಿಯಾದ ಡುಕ್ ಕೂ ಕಿಮ್ 14ನೇ ರೌಂಡಿನಲ್ಲಿ ಬಿದ್ದ. ಕೆಲವು ದಿನದಲ್ಲಿ ಪ್ರಾಣ ಹೋಯಿತು. ಆಮೇಲೆ ಒಂದೊಂದೇ ಸಂಸ್ಥೆ 12 ರೌಂಡಿಗೆ ಬಂತು. ಹಳೆ ಕಾಲವೇ ಚೆನ್ನ ಅನ್ನುವ ನಮ್ಮ ಮಾವ ಕೂಡ ಈ ವಿಷಯಕ್ಕೆ ಬಂದಾಗ ಸುಮ್ಮನಾಗುತ್ತಾರೆ.

ಈಗಿನವರು ಭಾರಿ ಆಳುಗಳು. ಹಳಬರು ಇವರ ಮುಂದೆ ನಿಲ್ತಾರಾ?

ಹೆವಿವೇಟ್‌ನಲ್ಲಿ ಈ ಪ್ರಶ್ನೆ ನ್ಯಾಯವೇ. ಮಾರ್ಸಿಯಾನೋ 85 ಕಿಲೋ ಆಸುಪಾಸು. ಇವತ್ತು ಅವನನ್ನು ಹೆವಿವೇಟ್‌ಗೇ ಸೇರಿಸುವುದಿಲ್ಲ, ಕೆಳಗಿನ ಕ್ರೂಸರ್‌ವೇಟ್‌ಗೆ ಕಳಿಸುತ್ತಾರೆ. ಬ್ರಿಟನ್ನಿನ ಟೈಸನ್ ಫ್ಯೂರಿ 206 ಸೆಂಟಿಮೀಟರ್ ಎತ್ತರ, 120 ಕಿಲೋ ಹತ್ತಿರ. ಆದರೆ ಆ ಫ್ಯೂರಿಯನ್ನು 2024ರಲ್ಲಿ ಎರಡು ಸಲ ಸೋಲಿಸಿದ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಅದೇ ಕ್ರೂಸರ್‌ವೇಟ್‌ನಿಂದ ಬಂದವನು. ಎತ್ತರದಲ್ಲಿ ಅಲಿಯಷ್ಟೇ.

ಕೆಳಗಿನ ತೂಕಗಳಲ್ಲಿ ಈ ತಕರಾರು ಕಮ್ಮಿ. ವೆಲ್ಟರ್‌ವೇಟ್ ಅಂದರೆ ರಾಬಿನ್ಸನ್ ಕಾಲಕ್ಕೂ 66.7 ಕಿಲೋ, ಇವತ್ತಿಗೂ ಅಷ್ಟೇ. ಒಂದು ಕಿತಾಪತಿ ಮಾತ್ರ ಇದೆ. ಆಗ ಪಂದ್ಯದ ದಿನವೇ ತೂಕ ನೋಡುತ್ತಿದ್ದರು. ಈಗ ಹಿಂದಿನ ದಿನ. ನೀರು ಬಿಟ್ಟು, ಬೆವರಿಳಿಸಿ ತಕ್ಕಡಿ ಹತ್ತಿ, ರಾತ್ರಿಯೆಲ್ಲ ಕುಡಿದು ತಿಂದು, ಮರುದಿನ ನಾಲ್ಕಾರು ಕಿಲೋ ಜಾಸ್ತಿಯಾಗಿ ರಿಂಗಿಗೆ ಬರುತ್ತಾರೆ.

ತರಬೇತಿ, ಊಟ, ಡಾಕ್ಟರು ಎಲ್ಲ ಈಗ ಮೇಲು. ಆದರೆ ಅದನ್ನು ದೊಡ್ಡಸ್ತಿಕೆ ಅಂತ ಎಣಿಸಬಾರದು. ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಅಜ್ಜ ಹಿಡಿದಿದ್ದ ಹಳೆ ತೋಟೆಕೋವಿಯೂ ಮೊಮ್ಮಗನ ಹೊಸ ರೈಫಲ್ಲೂ ಒಂದೇನಾ? ಕಾಯಿ ಯಾರು ಜಾಸ್ತಿ ಒಡೆದರು ಅನ್ನುವುದಲ್ಲ, ಕೈಯಲ್ಲಿದ್ದ ಕೋವಿಯಲ್ಲಿ ಯಾರು ಚೆನ್ನಾಗಿ ಹೊಡೆದರು ಅಂತ ನೋಡಬೇಕು.

ಪ್ಯಾಕಿಯಾವ್ ಎಂಟು ತೂಕದಲ್ಲಿ ಪಟ್ಟ ಗೆದ್ದವನು. ಅವನಿಗಿಂತ ಬೇಕಾ?

ಹೆನ್ರಿ ಆರ್ಮ್‌ಸ್ಟ್ರಾಂಗ್ ಬೇಕು. ಬಾಕ್ಸಿಂಗಿನಲ್ಲಿ ಒಟ್ಟು ಎಂಟೇ ತೂಕ, ತೂಕಕ್ಕೆ ಒಬ್ಬನೇ ಚಾಂಪಿಯನ್ ಅನ್ನುತ್ತಿದ್ದ ಕಾಲದಲ್ಲಿ, 1938ರಲ್ಲಿ, ಫೆದರ್, ಲೈಟ್, ವೆಲ್ಟರ್ ಮೂರೂ ಪಟ್ಟ ಒಟ್ಟಿಗೆ ಅವನ ಕೈಲಿದ್ದವು. ಈಗ 17 ತೂಕ, ಪ್ರತಿ ತೂಕಕ್ಕೆ ನಾಲ್ಕು ಸಂಸ್ಥೆಗಳ ನಾಲ್ಕು ಬೆಲ್ಟ್. ಪ್ಯಾಕಿಯಾವ್‌ನನ್ನು ಕೆಳಗಿಳಿಸುತ್ತಿಲ್ಲ. 50 ಕಿಲೋ ಹುಡುಗನಾಗಿ ಶುರುಮಾಡಿ ಅಷ್ಟು ಮೇಲೆ ಏರಿದವನು ಇನ್ನೊಬ್ಬನಿಲ್ಲ. ಬೆಲ್ಟ್ ಎಣಿಸಬೇಡಿ ಅಂತ ಹೇಳುತ್ತಿದ್ದೇನೆ ಅಷ್ಟೆ.

ಅವಕಾಶವೇ ಸಿಗದವರನ್ನು ಎಲ್ಲಿ ಇಡೋದು?

ಯಾರೂ ಕೇಳದ ಪ್ರಶ್ನೆ ಇದು, ನಾನೇ ಸೇರಿಸಿದ್ದು. ಕಪ್ಪು ಜನರಿಗೆ ಹೆವಿವೇಟ್ ಪಟ್ಟದ ಬಾಗಿಲು ಮುಚ್ಚಿತ್ತು. ಜ್ಯಾಕ್ ಜಾನ್ಸನ್ ಚಾಂಪಿಯನ್‌ನ ಬೆನ್ನು ಹತ್ತಿ, 1908ರಲ್ಲಿ ದೂರದ ಸಿಡ್ನಿಯಲ್ಲಿ ಅದನ್ನು ಒದ್ದು ತೆಗೆದ. 1915ರಲ್ಲಿ ಅವನು ಸೋತ ಮೇಲೆ ಬಾಗಿಲು ಮತ್ತೆ ಮುಚ್ಚಿತು. 1937ರಲ್ಲಿ ಜೋ ಲೂಯಿಸ್ ಬರುವವರೆಗೆ ಇನ್ನೊಬ್ಬ ಕಪ್ಪು ಬಾಕ್ಸರ್‌ಗೆ ಹೆವಿವೇಟ್ ಪಟ್ಟಕ್ಕೆ ಆಡುವ ಅವಕಾಶವೇ ಸಿಗಲಿಲ್ಲ. ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಜ್ಯಾಕ್ ಡೆಂಪ್ಸಿಗೆ ಕಾದ, ಪಂದ್ಯ ನಡೆಯಲೇ ಇಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್ ಅಂತ ಇನ್ನೊಬ್ಬ, ಲೈಟ್‌ವೇಟ್‌ನಿಂದ ಹೆವಿವೇಟ್‌ವರೆಗೆ ಎಲ್ಲ ತೂಕದವರನ್ನೂ ಹೊಡೆದವನು, ವಿಶ್ವ ಚಾಂಪಿಯನ್ ಆಗಲಿಲ್ಲ. ಜಾನ್ಸನ್ ಕೂಡ ಚಾಂಪಿಯನ್ ಆದ ಮೇಲೆ ಅವನಿಗೆ ಅವಕಾಶ ಕೊಡಲಿಲ್ಲ, ಅದನ್ನೂ ಹೇಳಬೇಕು.

ಹಾಗಾಗಿ ಡೆಂಪ್ಸಿಯನ್ನು ನಾನು ಮೊದಲ ಹತ್ತರಿಂದ ಹೊರಗೆ ಇಡುತ್ತೇನೆ. ಲ್ಯಾಂಗ್‌ಫರ್ಡ್ ಒಳಗೆ.

ಹಳೆ ವಿಡಿಯೋ ನೋಡಿದರೆ ಅವರೆಲ್ಲ ಕೋಳಿ ಜಗಳದ ಹಾಗೆ ಕಾಣ್ತಾರಲ್ಲ?

ಹಳೆ ಮೂಕಿ ರೀಲನ್ನು ತಪ್ಪು ವೇಗದಲ್ಲಿ ಓಡಿಸಿದರೆ ಎಲ್ಲರೂ ಹಾಗೇ ಕಾಣುತ್ತಾರೆ. ಇನ್ನು ಹ್ಯಾರಿ ಗ್ರೆಬ್ ಆಡಿದ ಒಂದು ಪಂದ್ಯದ ಫಿಲ್ಮೂ ಉಳಿದಿಲ್ಲ. ಒಂದು ಕಣ್ಣು ಹೋಗಿದ್ದರೂ ಗುದ್ದಾಡಿದವನು. ಜೀನ್ ಟನಿಯನ್ನು ಸೋಲಿಸಿದ ಒಬ್ಬನೇ ಮನುಷ್ಯ. ವಿಡಿಯೋ ಇಲ್ಲ ಅಂತ ಅವನನ್ನು ಬಿಡೋಕಾಗುತ್ತಾ?

ನಮ್ಮವರು ಎಲ್ಲಿ?

ನಮ್ಮವರ ದಾರಿಯೇ ಬೇರೆ. ದುಡ್ಡಿನ ಬಾಕ್ಸಿಂಗ್ ಅಲ್ಲ, ಏಷ್ಯನ್ ಗೇಮ್ಸ್, ಒಲಿಂಪಿಕ್ಸ್. ಕ್ಯೂಬಾದ ಟಿಯೋಫಿಲೋ ಸ್ಟೀವನ್‌ಸನ್ ಕೂಡ ಅದೇ ದಾರಿಯವನು. 1972, 76, 80, ಮೂರು ಒಲಿಂಪಿಕ್ ಚಿನ್ನ, ಒಂದೂ ವೃತ್ತಿಪರ ಪಂದ್ಯ ಇಲ್ಲ. ಅವನನ್ನು ಅಲಿ ಜೊತೆ ಹೋಲಿಸಿ ಅಂದರೆ ಕೈ ಮುಗಿಯುತ್ತೇನೆ. ಹವಾ ಸಿಂಗ್ 1966 ಮತ್ತು 1970ರ ಏಷ್ಯನ್ ಗೇಮ್ಸ್ ಎರಡರಲ್ಲೂ ಹೆವಿವೇಟ್ ಚಿನ್ನ ತಂದರು. ಮೇರಿ ಕೋಮ್ ಮೊದಲ ವಿಶ್ವ ಚಿನ್ನ ಗೆದ್ದದ್ದು 2002ರಲ್ಲಿ, ಆರನೆಯದು 2018ರಲ್ಲಿ. ನಡುವೆ 16 ವರ್ಷ, ಮೂರು ಮಕ್ಕಳು. ಮಹಿಳೆಯರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದದ್ದೇ 2012ರಲ್ಲಿ. ಅಲ್ಲಿಯೂ ಕಂಚು ತಂದರು. ಬೇರೆ ಬೇರೆ ಕಾಲದ ಚಾಂಪಿಯನ್ ಅಂದರೆ ಇವರೊಬ್ಬರೇ ಎರಡು ಕಾಲ.

ಕೊಡಗಿನ ಚೇನಂಡ ಮಾಚಯ್ಯ 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಹೋದವರು, ಅರ್ಜುನ ಪ್ರಶಸ್ತಿ ಪಡೆದವರು. ಸ್ಟೀವನ್‌ಸನ್, ಲಿಯೊನಾರ್ಡ್, ಸ್ಪಿಂಕ್ಸ್ ಅಣ್ಣತಮ್ಮಂದಿರು ಚಿನ್ನ ಗೆದ್ದ ಒಲಿಂಪಿಕ್ಸ್ ಅದು. ಅದೇ ಮಾಂಟ್ರಿಯಲ್‌ನಲ್ಲಿ ಹಾಕಿ ಮೊದಲ ಸಲ ಹುಲ್ಲು ಬಿಟ್ಟು ಟರ್ಫ್ ಮೇಲೆ ಬಂತು. ಭಾರತ ಏಳನೇ ಜಾಗಕ್ಕೆ ಬಿತ್ತು. ನೆಲ ಬದಲಾದರೆ ಆಟ ಎಷ್ಟು ಬದಲಾಗುತ್ತದೆ ಅಂತ ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗಿನವರಲ್ಲಿ ಯಾರಾದರೂ ಆ ಸಾಲಿಗೆ ಸೇರ್ತಾರಾ?

ಉಸಿಕ್ ಸೇರುತ್ತಾನೆ. ಎರಡು ತೂಕಗಳಲ್ಲಿ ನಾಲ್ಕೂ ಬೆಲ್ಟ್ ಒಟ್ಟು ಮಾಡಿದವನು. ಜಪಾನಿನ ನವೋಯಾ ಇನೋಯೆ ಕೂಡ ಹಾಗೆಯೇ ಎರಡು ತೂಕ ಗುಡಿಸಿದ್ದಾನೆ. ಉಸಿಕ್ ಫ್ಯೂರಿಯನ್ನು ಮೊದಲ ಸಲ ಸೋಲಿಸಿದ ಆ ಭಾನುವಾರ ನಸುಕಿನಲ್ಲಿ ನಾವು ಎದ್ದು ಕೂತಿದ್ದೆವು. ಎಂಟನೇ ರೌಂಡು ಮುಗಿಯಿತು, ಮಳೆಗಾಳಿಗೆ ಕರೆಂಟ್ ಹೋಯಿತು, ಹಿಂದೆಯೇ ನೆಟ್‌ವರ್ಕೂ ಹೋಯಿತು. ಫ್ಯೂರಿ ಹಗ್ಗಕ್ಕೆ ತಾಗಿ ತೂರಾಡಿದ್ದು ಒಂಬತ್ತನೇ ರೌಂಡಿನಲ್ಲಿ. ಅದನ್ನು ನಾನು ನೋಡಿದ್ದು ಮಾರನೇ ದಿನ ಗೋಣಿಕೊಪ್ಪದಲ್ಲಿ, ಇನ್ನೊಬ್ಬರ ಫೋನಿನಲ್ಲಿ.

ಅಲಿ ಸೈನ್ಯಕ್ಕೆ ಬರಲ್ಲ ಅಂದವನು. ಲೂಯಿಸ್ ಹೋದವನು. ಅದನ್ನು ಲೆಕ್ಕಕ್ಕೆ ತಗೊಳ್ಳಲ್ವಾ?

ಇದು ಮಾವನ ಪ್ರಶ್ನೆ. ಮನೆಗೊಬ್ಬ ಸೈನಿಕ ಇರುವ ಊರಿನಲ್ಲಿ ಇದಕ್ಕೆ ಉತ್ತರಿಸುವುದು ಸುಲಭ ಅಲ್ಲ.

ಇಬ್ಬರೂ ಒಳ್ಳೆ ವಯಸ್ಸು ಕಳೆದುಕೊಂಡರು. ಅಲಿ 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗುವುದಿಲ್ಲ ಅಂದ. ಪಟ್ಟ ಹೋಯಿತು, ಲೈಸೆನ್ಸ್ ಹೋಯಿತು, 25ರಿಂದ 28ರವರೆಗೆ ರಿಂಗ್ ಇಲ್ಲ. ವಾಪಸ್ ಬಂದಾಗ ಆ ಹಳೆ ಕಾಲು ಇರಲಿಲ್ಲ. ಲೂಯಿಸ್ 1942ರಲ್ಲಿ ಸೈನ್ಯ ಸೇರಿದ. ಆ ವರ್ಷ ಎರಡು ಪಂದ್ಯಗಳ ದುಡ್ಡನ್ನು ನೌಕಾಪಡೆ, ಸೇನೆಯ ನಿಧಿಗೆ ಕೊಟ್ಟ. 1946ರವರೆಗೆ ಪಟ್ಟಕ್ಕೆ ಆಡಲಿಲ್ಲ. ಇಷ್ಟಾಗಿಯೂ ಸುಮಾರು 12 ವರ್ಷ ಚಾಂಪಿಯನ್, 25 ಸಲ ಪಟ್ಟ ಉಳಿಸಿಕೊಂಡ. ಹೆವಿವೇಟ್‌ನಲ್ಲಿ ಆ ಲೆಕ್ಕವನ್ನು ಇನ್ನೂ ಯಾರೂ ಮುಟ್ಟಿಲ್ಲ.

ತನ್ನ ಮಾತಿಗಾಗಿ ಕಳೆದುಕೊಂಡದ್ದೂ ತ್ಯಾಗವೇ, ದೇಶಕ್ಕಾಗಿ ಕಳೆದುಕೊಂಡದ್ದೂ ತ್ಯಾಗವೇ ಅಂತ ನಾನು. ಅಲಿ ಎದುರಿಗೆ ನಿಂತವರು ಲೂಯಿಸ್ ಎದುರಿಗೆ ನಿಂತವರಿಗಿಂತ ಗಟ್ಟಿ, ಹಾಗಾಗಿ ಅಲಿ ಒಂದು ಬೆರಳು ಮುಂದೆ. ಇದನ್ನೆಲ್ಲ ಬರೆದು ಮಾವನಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಔಟ್ ಟರ್ನ್ ಮಾತಿಗೆ ನಕ್ಕರು. ಆಮೇಲೆ ಪೆನ್ನು ಕೇಳಿ, ಮೇಲೆ ಮೊದಲ ಉತ್ತರದಲ್ಲಿದ್ದ "ಒಂದು ಬೆರಳಿನಷ್ಟು ಹಿಂದೆ" ಅನ್ನುವುದನ್ನು ಹೊಡೆದುಹಾಕಿ ಕಾಗದ ವಾಪಸ್ ಕೊಟ್ಟರು. ನಾನು ಮತ್ತೆ ಬರೆದು ಸೇರಿಸಿದ್ದೇನೆ. ಅವರಿಗೆ ಇನ್ನೂ ಗೊತ್ತಿಲ್ಲ.